ನೀರಿನ ಎರಡನೆಯ ದಾರಿ

ಲಿಂಗಸುಗೂರು ದಾಟಿ ಬಸ್ಸು ಮಸ್ಕಿಯತ್ತ ಹೊರಳಿದ ಮೇಲೆ ಕಿಟಕಿಯಾಚೆಯ ನೆಲ ಎರಡು ಬಗೆಯಾಗಿ ಕಾಣಿಸತೊಡಗುತ್ತದೆ. ಬಂಡೆಗುಡ್ಡಗಳ ಬುಡದಲ್ಲಿ ಕೆಂಪನೆಯ ಮಸಾರಿ. ಅಲ್ಲಿಂದಾಚೆ ಕಣ್ಣು ಹರಿದಷ್ಟು ದೂರ ಕಪ್ಪು ಎರೆ. ತೊಗರಿ, ಸಜ್ಜೆ, ಹತ್ತಿಯ ಹೊಲಗಳ ನಡುವೆ ಅಲ್ಲಲ್ಲಿ ಜಾಲಿ ಬೆಳೆದ ತಗ್ಗುಗಳು. ಬೇಸಿಗೆಯಲ್ಲಿ ಕುರಿಗಳು ಇಳಿದು ಹತ್ತುವ ಈ ತಗ್ಗುಗಳೇ ಇಲ್ಲಿಯ ಹಳ್ಳಗಳು. ವರ್ಷದ ಬಹುಪಾಲು ದಿನ ಅವುಗಳಲ್ಲಿ ನೀರಿರುವುದಿಲ್ಲ. ನಾನು ನೋಡಲು ಹೊರಟಿದ್ದು ಅವುಗಳನ್ನೇ. ಮಸ್ಕಿಯ ಗುಡ್ಡದಿಂದ ಸಿಂಧನೂರು ತಾಲ್ಲೂಕಿನ ಸಾಲಗುಂದದವರೆಗೆ, ಜೋರು ಮಳೆ ಬಿದ್ದ ರಾತ್ರಿ ನೀರು ಯಾವ ದಾರಿ ಹಿಡಿಯುತ್ತದೆ, ಆ ದಾರಿಯನ್ನು ಯಾರಾದರೂ ಎಲ್ಲಾದರೂ ಬರೆದಿಟ್ಟಿದ್ದಾರೆಯೇ ಎಂದು ತಿಳಿಯುವ ಆಸೆ ನನಗಿತ್ತು.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಎಡೆದೊರೆ ನಾಡಿದು. ಎರಡೂ ಹೊಳೆಗಳ ಪ್ರವಾಹಕ್ಕೆ ಲೆಕ್ಕವಿದೆ, ಸುದ್ದಿಯಿದೆ. ನಾರಾಯಣಪುರದ ಬಸವಸಾಗರದಿಂದ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬುದು ಹೊಳೆದಂಡೆಯ ಊರುಗಳಿಗೆ ಮೊದಲೇ ತಿಳಿಯುತ್ತದೆ. ಶೀಲಹಳ್ಳಿಯ ಸೇತುವೆ ಮುಳುಗಿತೆಂದರೆ ಲಿಂಗಸುಗೂರು ತಾಲ್ಲೂಕಿನ ನಡುಗಡ್ಡೆಗಳ ಜನಕ್ಕೆ ಹತ್ತಿರದ ದಾರಿ ಕಡಿಯಿತೆಂದು ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ, ತಾತ್ಕಾಲಿಕ ಗೇಟು ಕೂರುವವರೆಗೆ ಇಡೀ ನಾಡು ಉಸಿರು ಬಿಗಿಹಿಡಿದು ನೋಡಿತು. ಹಳ್ಳಗಳಿಗೆ ಇಂಥ ಕಾವಲಿಲ್ಲ. ಅವು ಕೆಲವೇ ಗಂಟೆಗಳಲ್ಲಿ ಏರುತ್ತವೆ, ಕೆಲವೇ ಗಂಟೆಗಳಲ್ಲಿ ಇಳಿಯುತ್ತವೆ. ಬೆಳಗಾಗುವಷ್ಟರಲ್ಲಿ ಉಳಿಯುವುದು ಜಾಲಿಕಂಟಿಗೆ ಸಿಕ್ಕಿಕೊಂಡ ಕಸ ಮತ್ತು ಮಲಗಿದ ಬೆಳೆ.

ಮಸ್ಕಿಯಲ್ಲಿ ಇಳಿದು ಮಲ್ಲಿಕಾರ್ಜುನನ ಬೆಟ್ಟ ಹತ್ತಿದೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಈ ಊರಿನ ಬಂಡೆಯಲ್ಲಿ ಶಾಸನವೊಂದನ್ನು ಕಂಡ. ಅಲ್ಲಿಯವರೆಗೆ ದೇವಾನಾಂಪ್ರಿಯ ಎಂದಷ್ಟೇ ಗೊತ್ತಿದ್ದ ದೊರೆಯ ಹೆಸರು ಅಶೋಕ ಎಂದು ಆ ಶಾಸನದಿಂದ ಖಚಿತವಾಯಿತು. 1954ರಲ್ಲಿ ಬಿ. ಕೆ. ಥಾಪರ್ ಇಲ್ಲಿ ಉತ್ಖನನ ನಡೆಸಿದಾಗ, ನವಶಿಲಾಯುಗದ ಕಾಲದಿಂದ ಮಧ್ಯಯುಗದವರೆಗೆ ಜನ ಬಾಳಿದ ಕುರುಹುಗಳು ಪದರ ಪದರವಾಗಿ ಸಿಕ್ಕವು. ಬೆಟ್ಟದ ಮೇಲೆ ನಿಂತರೆ ಅವರು ಈ ಜಾಗವನ್ನೇ ಯಾಕೆ ಆರಿಸಿಕೊಂಡರೆಂಬುದು ತಿಳಿಯುತ್ತದೆ. ಬಂಡೆಯ ಮೇಲೆ ಬಿದ್ದ ಮಳೆ ಇಂಗದೆ ಜಾರಿ ಬುಡಕ್ಕೆ ಬರುತ್ತದೆ. ಬುಡದ ಮಸಾರಿ ಅದನ್ನು ಹೀರಿ ಇಟ್ಟುಕೊಳ್ಳುತ್ತದೆ. ಮಳೆ ಕಡಿಮೆಯಿರುವ ಸೀಮೆಯಲ್ಲಿ ನೀರು ತಾನಾಗಿ ಬಂದು ಸೇರುವ ಜಾಗವೇ ಬದುಕುವ ಜಾಗ. ನೀರು ಒಮ್ಮೆಗೇ ಬಂದು ಎರಗುವ ಜಾಗವೂ ಅದೇ.

ಗುಡ್ಡದ ಇಕ್ಕಟ್ಟಿನಲ್ಲಿ ರಭಸದಿಂದ ಇಳಿದ ಹಳ್ಳಕ್ಕೆ ಬಯಲು ಮುಟ್ಟಿದೊಡನೆ ಇಳಿಜಾರು ಕಡಿಮೆಯಾಗುತ್ತದೆ. ವೇಗ ತಗ್ಗುತ್ತದೆ, ಹೊತ್ತು ತಂದ ಕಲ್ಲು, ಗರಸು, ಮರಳು ಅಲ್ಲೇ ಬೀಳುತ್ತವೆ. ತಾನು ಹಾಕಿದ ಮಣ್ಣೇ ತನಗೆ ಅಡ್ಡವಾಗಿ, ಮುಂದೊಂದು ಮಳೆಗೆ ಹಳ್ಳ ಪಕ್ಕಕ್ಕೆ ಹೊರಳುತ್ತದೆ. ಸಾವಿರಾರು ವರ್ಷ ಹೀಗೆ ಹೊರಳಿ ಹೊರಳಿ ಬಿಚ್ಚಿಟ್ಟ ಬೀಸಣಿಗೆಯ ಆಕಾರದಲ್ಲಿ ನೆಲ ಹರಡಿಕೊಳ್ಳುತ್ತದೆ. ಭೂವಿಜ್ಞಾನದಲ್ಲಿ ಇದಕ್ಕೆ ಮೆಕ್ಕಲು ಬೀಸಣಿಗೆ ಎನ್ನುತ್ತಾರೆ. ಮಸ್ಕಿಯ ಗುಡ್ಡಗಳು ಕೋಟ್ಯಂತರ ವರ್ಷ ಸವೆದವು. ಅವುಗಳ ಬುಡದ ಮಣ್ಣಿನ ಹಾಸು ತೆಳು. ಹಿಮಾಲಯದ ಬುಡದಲ್ಲಿರುವಂಥ ಮಹಾ ಬೀಸಣಿಗೆಯನ್ನು ಇಲ್ಲಿ ಹುಡುಕಬಾರದು. ಆದರೆ ಇಕ್ಕಟ್ಟಿನಿಂದ ಬಯಲಿಗೆ ಬಂದ ನೀರಿನ ನಡತೆ ಎರಡೂ ಕಡೆ ಒಂದೇ. ಇವತ್ತಿನ ದಾರಿಯೇ ನಾಳೆಯೂ ಇರುತ್ತದೆ ಎನ್ನುವಂತಿಲ್ಲ.

ಅದನ್ನು ದೇಶಕ್ಕೆ ಕಲಿಸಿದ್ದು ಕೋಸಿ. ನೇಪಾಳದ ಬೆಟ್ಟಗಳಿಂದ ಬಿಹಾರದ ಬಯಲಿಗೆ ಇಳಿಯುವ ಆ ನದಿ ತಾನೇ ಹಾಸಿದ ಬೀಸಣಿಗೆಯ ಮೇಲೆ ಸುಮಾರು ಎರಡೂವರೆ ಶತಮಾನದಲ್ಲಿ 100 ಕಿಲೋಮೀಟರಿಗೂ ಹೆಚ್ಚು ಪಶ್ಚಿಮಕ್ಕೆ ಸರಿದಿತ್ತು. ಸ್ವಾತಂತ್ರ್ಯದ ನಂತರ ಎರಡೂ ಬದಿಗೆ ಏರಿ ಹಾಕಿ ಅದನ್ನು ನಡುವೆ ಕೂಡಿಹಾಕಿದರು. ಏರಿಗಳ ನಡುವೆ ಹೂಳು ತುಂಬಿ ನದಿಯ ತಳ ಏರುತ್ತ ಹೋಯಿತು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಬಳಿ ಏರಿ ಒಡೆಯಿತು. ನದಿ ತನ್ನ ಹಳೆಯ ಪೂರ್ವದ ದಾರಿಗೆ ಹಾರಿತು. ಮೂವತ್ತು ಲಕ್ಷಕ್ಕೂ ಹೆಚ್ಚು ಜನರ ಬದುಕು ನೀರಿಗೆ ಸಿಕ್ಕಿತು. ಆ ಏರಿಯನ್ನು ಒಂಬತ್ತೂವರೆ ಲಕ್ಷ ಕ್ಯೂಸೆಕ್ ತಡೆಯಲೆಂದು ಕಟ್ಟಿದ್ದರು. ಒಡೆದ ದಿನ ಹರಿಯುತ್ತಿದ್ದದ್ದು ಅದರ ಐದರಲ್ಲೊಂದು ಪಾಲಿಗಿಂತಲೂ ಕಡಿಮೆ. ಮುಳುಗಿದ ಎಷ್ಟೋ ಊರುಗಳು ಏರಿಯ ರಕ್ಷಣೆಯಿದೆಯೆಂದು ನಿಶ್ಚಿಂತೆಯಿಂದಿದ್ದವು. ಅವುಗಳ ಪಾಲಿಗೆ ಕೋಸಿ ಎಂದೋ ಬಿಟ್ಟುಹೋದ ನದಿ.

ಅಮೆರಿಕದ ಲಾಸ್ ಏಂಜಲೀಸ್ ನಗರದ ಹಿಂದಿನ ಸ್ಯಾನ್ ಗೇಬ್ರಿಯಲ್ ಬೆಟ್ಟಗಳ ಬುಡದಲ್ಲೂ ಇದೇ ಪಾಠ. 1934ರ ಹೊಸ ವರ್ಷದ ರಾತ್ರಿ ಬೆಟ್ಟದಿಂದ ಕೆಸರು, ಕಲ್ಲು ಕೂಡಿದ ಪ್ರವಾಹ ಊರಿನ ಮೇಲೆ ಬಂತು. ಆಮೇಲೆ ಕಣಿವೆಗಳ ಬಾಯಿಯಲ್ಲಿ ಕಲ್ಲುಮಣ್ಣು ತಡೆಯುವ ತೊಟ್ಟಿಗಳನ್ನು ಕಟ್ಟುತ್ತ ಬಂದರು. ಅವು ಇಂದು ನೂರಕ್ಕೂ ಹೆಚ್ಚು. ಪ್ರತಿ ಮಳೆಗಾಲದ ನಂತರ ಹೂಳು ತೆಗೆದರೆ ಮಾತ್ರ ತೊಟ್ಟಿ ತೊಟ್ಟಿಯಾಗಿ ಉಳಿಯುತ್ತದೆ. ತುಂಬಿದ ತೊಟ್ಟಿ ಇದ್ದೂ ಇಲ್ಲದಂತೆ. ಇಂಥ ನೆಲದ ನಕಾಶೆ ಬರೆಯುವುದು ಹೇಗೆಂಬ ಪ್ರಶ್ನೆಗೆ 1979ರಲ್ಲಿ ಜಲವಿಜ್ಞಾನಿ ಡೇವಿಡ್ ಡಾಡಿ ಒಂದು ದಾರಿ ತೋರಿದರು. ಹಳ್ಳ ಎಲ್ಲಿದೆ ಎಂದು ಕೇಳುವ ಬದಲು, ಈ ಜಾಗದ ಮೇಲೆ ಹಳ್ಳ ಹಾಯುವ ಸಂಭವ ಎಷ್ಟು ಎಂದು ಅವರು ಕೇಳಿದರು. ಬೀಸಣಿಗೆಯ ಹಿಡಿಯ ಹತ್ತಿರ ಸಂಭವ ಹೆಚ್ಚು. ಅಗಲವಾದಂತೆ ಅದು ಹಂಚಿಹೋಗುತ್ತದೆ. ಎಲ್ಲ ಬದಿಗೂ ಸಂಭವ ಸಮನಲ್ಲ, ನೆಲದ ಗುರುತುಗಳನ್ನು ಓದಿಯೇ ತೀರ್ಮಾನಿಸಬೇಕು ಎಂಬ ತಿದ್ದುಪಡಿ ಆಮೇಲೆ ಬಂತು. 1996ರಲ್ಲಿ ಅಲ್ಲಿಯ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವರದಿಯೂ ನೆಲ ಓದುವುದಕ್ಕೇ ಒತ್ತು ಕೊಟ್ಟಿತು.

ಬೆಟ್ಟ ಇಳಿದು ಮಸ್ಕಿ ಹಳ್ಳದ ಸೇತುವೆಯ ಬಳಿ ಬಹಳ ಹೊತ್ತು ನಿಂತೆ. ಮೇಲೆ ಮಾರಲದಿನ್ನಿಯಲ್ಲಿ ಈ ಹಳ್ಳಕ್ಕೆ ಮಸ್ಕಿ ನಾಲಾ ಜಲಾಶಯವಿದೆ. 2020ರ ಅಕ್ಟೋಬರಿನಲ್ಲಿ ಜಲಾಶಯ ತುಂಬಿ ಗೇಟು ತೆರೆದಿದ್ದಾಗ ಇಬ್ಬರು ಹಳ್ಳದ ನಡುವೆ ಸಿಕ್ಕಿಕೊಂಡರು. ಒಬ್ಬರನ್ನು ದಡ ಸೇರಿಸಿದರು. ಇನ್ನೊಬ್ಬ ಯುವಕ ರಕ್ಷಣೆಯ ಪ್ರಯತ್ನ ನಡೆದಿರುವಾಗಲೇ, ದಡದಲ್ಲಿ ನೆರೆದವರ ಕಣ್ಣೆದುರೇ ಕೊಚ್ಚಿಹೋದ. ನಾಡಿನ ಮನೆಮನೆಯ ಟಿ.ವಿ.ಗಳಲ್ಲಿ ಆ ದೃಶ್ಯ ಬಂತು. ವರ್ಷವೆಲ್ಲ ದಾಟಿ ಅಭ್ಯಾಸವಾದ ಹಳ್ಳ ಜನಕ್ಕೆ ಅಂಗಳವಿದ್ದ ಹಾಗೆ; ಅದರಲ್ಲಿ ಸಾವಿದೆ ಎಂದು ಅನ್ನಿಸುವುದೇ ಇಲ್ಲ. ಹಳ್ಳದ ಅಪಾಯದ ಮೊದಲ ಕಾರಣ ಈ ಸಲಿಗೆ. ಸಲಿಗೆಯನ್ನು ಬಿಡಿಸಲು ಸೂಚನಾಫಲಕ ಸಾಲದು. ನೀರು ಎಷ್ಟು ಎತ್ತರಕ್ಕೆ, ಎಷ್ಟು ಬೇಗ ಬರುತ್ತದೆ ಎಂಬುದು ಊರಿನ ಲೆಕ್ಕದಲ್ಲಿ ಸೇರಬೇಕು.

ಮಸ್ಕಿಯಿಂದ ಸಿಂಧನೂರಿಗೆ ಬರುವಷ್ಟರಲ್ಲಿ ಲೋಕವೇ ಬೇರೆಯಾಯಿತು. ರಸ್ತೆಯ ಎರಡೂ ಬದಿಗೆ ಭತ್ತದ ಹಸಿರು, ಅಕ್ಕಿ ಗಿರಣಿಗಳು, ಹೆಸರಿನ ಕೊನೆಗೆ ಕ್ಯಾಂಪ್ ಎಂದು ಹೊತ್ತ ಊರುಗಳು. 1953ರಲ್ಲಿ ತುಂಗಭದ್ರೆಯ ನೀರು ಎಡದಂಡೆ ಕಾಲುವೆಗೆ ಹರಿಯತೊಡಗಿದ ಮೇಲೆ ಬರದ ಸೀಮೆ ಭತ್ತದ ಕಣಜವಾಯಿತು. 225 ಕಿಲೋಮೀಟರ್ ಆಸುಪಾಸಿನ ಆ ಕಾಲುವೆಯನ್ನು ಇಲ್ಲಿಯ ರೈತರು ಇಂದಿಗೂ ಮೈಲಿಯ ಲೆಕ್ಕದಲ್ಲೇ ಗುರುತಿಸುತ್ತಾರೆ: 47ನೇ ಮೈಲು, 69ನೇ ಮೈಲು, 104ನೇ ಮೈಲು. ಯಾವ ಮೈಲಿನಲ್ಲಿ ಎಷ್ಟು ಅಡಿ ಗೇಜ್ ಎಂಬುದು ಕೊನೆಭಾಗದ ರೈತನ ಜೀವದ ಮಾತು. ನೀರಾವರಿಯ ನಕಾಶೆ ಜನರ ನಾಲಗೆಯ ಮೇಲಿದೆ.

ಆದರೆ ಕಾಲುವೆ ಹರಿಯುವುದು ನೆಲದ ಮಟ್ಟಕ್ಕೆ ಹೊಂದಿಕೊಂಡು, ಇಳಿಜಾರಿಗೆ ಅಡ್ಡವಾಗಿ. ಹಳ್ಳಗಳು ಹರಿಯುವುದು ಇಳಿಜಾರಿನ ಗುಂಟ. ಆದ್ದರಿಂದ ಮುಖ್ಯ ಕಾಲುವೆ, ಡಿಸ್ಟ್ರಿಬ್ಯೂಟರಿ, ಅವುಗಳ ಪಕ್ಕದ ಸರ್ವಿಸ್ ರೋಡ್ ಎಲ್ಲವೂ ಹೆಜ್ಜೆಹೆಜ್ಜೆಗೂ ಹಳ್ಳಗಳನ್ನು ಅಡ್ಡಹಾಯುತ್ತವೆ. ಅಂಥ ಕಡೆ ಕೆಳಗೆ ಮೋರಿಯಿಟ್ಟು ಹಳ್ಳವನ್ನು ದಾಟಿಸುತ್ತಾರೆ, ಇಲ್ಲವೇ ಕಾಲುವೆಯನ್ನು ಮೇಲ್ಗಾಲುವೆಯಾಗಿ ಎತ್ತಿ ಒಯ್ಯುತ್ತಾರೆ. ಕಾಲುವೆಗೇ ನೀರು ಹೆಚ್ಚಾದರೆ ಹಳ್ಳಕ್ಕೆ ಬಿಡಲು ಎಸ್ಕೇಪ್ ಗೇಟುಗಳಿವೆ. ಹೊಲದ ಹೆಚ್ಚಿನ ನೀರು ಹೋಗಲು ಬಸಿಗಾಲುವೆಗಳಿವೆ. ಕಾಗದದ ಮೇಲೆ ಎಲ್ಲ ನೀರಿಗೂ ಒಂದೊಂದು ದಾರಿಯಿದೆ. ಮೋರಿಯ ಬಾಯಿಗೆ ಜಾಲಿ, ಜೊಂಡು ಬೆಳೆದರೆ, ಬಸಿಗಾಲುವೆಯನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡರೆ ಆ ದಾರಿ ಮುಚ್ಚುತ್ತದೆ. ನೀರು ದಂಡೆಯ ಗುಂಟ ಪಕ್ಕಕ್ಕೆ ಹರಿದು, ಎಲ್ಲಿ ತಗ್ಗು ಸಿಕ್ಕಿತೋ ಅಲ್ಲಿ ಏರಿ ದಾಟುತ್ತದೆ. ಗುಡ್ಡದ ಬುಡದಲ್ಲಿ ಹೂಳು ಮಾಡುವ ಕೆಲಸವನ್ನು ಈ ಬಯಲಿನಲ್ಲಿ ನಾವು ಕಟ್ಟಿದ ದಂಡೆಗಳು ಮಾಡುತ್ತಿವೆ.

ಸಾಲಗುಂದಕ್ಕೆ ಹೋದದ್ದು ಇದನ್ನು ಹೊಲದಲ್ಲೇ ನಿಂತು ನೋಡಲೆಂದು. ಊರಿನ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರಿಗೆ ಬಂದ ಕಾರಣ ಹೇಳಿದೆ. ಎದ್ದು ಟವೆಲು ಹೆಗಲಿಗೆ ಹಾಕಿಕೊಂಡು, "ನಡೀರಿ, ಕುಂತು ಹೇಳಿದ್ರ ತಿಳಿಯಂಗಿಲ್ಲ" ಎಂದು ಹೊರಟೇಬಿಟ್ಟರು. ಕಾಲುವೆ ದಂಡೆಯ ಮೇಲೆ ನನಗಿಂತ ಚುರುಕಾಗಿ ನಡೆಯುತ್ತ ಒಂದು ಕಡೆ ನಿಂತರು.

"ಈ ಕೆನಾಲ್ ಅಗಿಯೋ ಮುಂದ ನಾ ಸಣ್ಣಾಂವ್ರಿ ಸರ. ಆಗ ನೀರು ಹಿಂಗ ಬಂದು, ಆ ಬೇವಿನಗಿಡದ ಕೆಳಗ ಹಾಸಿ, ಸೀದಾ ಹಳ್ಳಕ್ಕ ಹೋಗ್ತಿತ್ತು. ಒಂದು ತಾಸು ನಿಲ್ತಿದ್ದಿಲ್ಲ."

"ಈಗ, ತಾತ?"

"ಈಗ ದಂಡಿಗೆ ಬಂದು ಬಡೀತೈತಿ. ಬಡಿದು ಆ ಕಡಿ ತಿರುಗತೈತಿ. ಅಲ್ಲೊಂದು ಮೋರಿ ಐತಿ, ಅದರಾಗ ಅರ್ಧ ಹೂಳು. ಎಲ್ಲಾರೂ ಮಳಿ ಎಷ್ಟಾತು ಅಂತ ಕೇಳ್ತಾರ್ರಿ. ನೀರು ಎಲ್ಲಿ ನಿಂತಿತ್ತು, ಯಾಕ ನಿಂತಿತ್ತು ಅಂತ ಯಾರೂ ಕೇಳಂಗಿಲ್ಲ."

2009ರ ಸೆಪ್ಟೆಂಬರ್ ಕೊನೆಯ ಮತ್ತು ಅಕ್ಟೋಬರ್ ಮೊದಲ ದಿನಗಳ ಮಳೆಯ ಮಾತು ಬಂತು. ಉತ್ತರ ಕರ್ನಾಟಕವನ್ನೆಲ್ಲ ನಡುಗಿಸಿದ, ತುಂಗಭದ್ರೆಯ ಕೆಳಭಾಗದಲ್ಲಿ ಮಂತ್ರಾಲಯವನ್ನೂ ಕರ್ನೂಲನ್ನೂ ಮುಳುಗಿಸಿದ ಮಳೆ ಅದು. ಮಣ್ಣಿನ ಮೇಲ್ಮುದ್ದೆಯ ಮನೆಗಳು ನೆನೆನೆನೆದು ಕುಸಿದವು. ಸರ್ಕಾರ ಆಸರೆ ಯೋಜನೆಯಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ತಾತ ನೆನಪಿಸಿಕೊಂಡದ್ದು ಮಳೆಯ ಸದ್ದನ್ನಲ್ಲ. ಯಾವ ಹೊಲದ ಒಡ್ಡು ಮೊದಲು ಒಡೆಯಿತು, ಅಲ್ಲಿಂದ ನೀರು ಯಾರ ಹೊಲಕ್ಕೆ ಹೋಯಿತು, ದನಗಳನ್ನು ಬಿಚ್ಚಿ ಯಾವ ದಿಬ್ಬಕ್ಕೆ ಹೊಡೆದರು ಎಂಬ ಸರಣಿಯನ್ನು. ಅದನ್ನು ಕೇಳುತ್ತ ನನಗೆ ರೋಮಾಂಚನವಾಯಿತು. ದೊಡ್ಡ ವರದಿಗಳು ನೆಲ ಓದಿ ತಿಳಿಯಿರಿ ಎಂದು ಹೇಳುವುದು ಇದನ್ನೇ. ಈ ತಲೆಮಾರಿನ ಜೊತೆಗೆ ಮುಗಿದುಹೋಗಲಿರುವ ಇಂಥ ನೆನಪಿಗೆ ಒಂದು ಹಾಳೆಯೂ ಮೀಸಲಿಲ್ಲವೆಂಬುದು ನೋವಿನ ಸಂಗತಿ.

ಉಪಗ್ರಹ ಇರುವಾಗ ಮುದುಕರ ನೆನಪೇಕೆ ಎನ್ನುವವರಿಗೆ ಈ ಹೊಲಗಳೇ ಉತ್ತರ. ಮೋಡ ಕವಿದಾಗಲೂ ನೆಲ ಕಾಣುವ ರಡಾರ್ ಉಪಗ್ರಹಗಳು ಈಗ ಪ್ರವಾಹದ ಚಿತ್ರ ತೆಗೆಯುತ್ತವೆ. ನಿಂತ ನೀರು ಆ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಆದರೆ ಜುಲೈ, ಆಗಸ್ಟಿನಲ್ಲಿ ನಾಟಿಗೆ ಕೆಸರು ಮಾಡಿದ ಗದ್ದೆಯಲ್ಲೆಲ್ಲ ನೀರು ನಿಂತಿರುತ್ತದೆ. ಚಿತ್ರವನ್ನಷ್ಟೇ ನಂಬಿದರೆ ಇಡೀ ಸಿಂಧನೂರು ತಾಲ್ಲೂಕೇ ಮುಳುಗಿದಂತೆ! ಸೆಪ್ಟೆಂಬರ್ ಕೊನೆಗೆ ಭತ್ತ ಬೆಳೆದು ಮುಚ್ಚಿಕೊಂಡಾಗ ಬುಡದಲ್ಲಿ ನಿಂತ ಪ್ರವಾಹದ ನೀರು ರಡಾರಿಗೆ ತಪ್ಪಿಹೋಗಬಹುದು. ನೆಲದ ಎತ್ತರದ ಲೆಕ್ಕವೂ ಹಾಗೆಯೇ. ಉಚಿತವಾಗಿ ಸಿಗುವ ಉಪಗ್ರಹ ಮಾಹಿತಿಯಲ್ಲಿ ಎತ್ತರ ಕೆಲವು ಮೀಟರಿನಷ್ಟು ಹೆಚ್ಚುಕಡಿಮೆ ಇರುತ್ತದೆ. ಬೆಟ್ಟದ ಸೀಮೆಯಲ್ಲಿ ಅದು ಲೆಕ್ಕಕ್ಕಿಲ್ಲ. ಕಿಲೋಮೀಟರಿಗೆ ಒಂದೆರಡು ಮೀಟರ್ ಮಾತ್ರ ಇಳಿಯುವ ನೆಲದಲ್ಲಿ ಎರಡು ಮೀಟರಿನ ತಪ್ಪು ಪ್ರವಾಹದ ಅಂಚನ್ನು ಕಿಲೋಮೀಟರುಗಟ್ಟಲೆ ಆಚೀಚೆ ಮಾಡುತ್ತದೆ. ನೀರನ್ನು ತಿರುಗಿಸುವ ಆಳೆತ್ತರದ ಕಾಲುವೆ ದಂಡೆ ಅಂಥ ಮಾಹಿತಿಯಲ್ಲಿ ಕಾಣುವುದೇ ಇಲ್ಲ.

ಎರೆಯ ಗುಣವೂ ಸೇರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಮೊದಲ ಮಳೆಯನ್ನು ಗಟಗಟ ಕುಡಿಯುತ್ತದೆ. ಒಮ್ಮೆ ಉಬ್ಬಿ ಬಿರುಕು ಮುಚ್ಚಿತೆಂದರೆ ಆಮೇಲಿನ ಮಳೆ ಮೇಲೆಯೇ ಹರಿಯಬೇಕು. ಕಾಲುವೆ ನೀರಿನಿಂದ ತಿಂಗಳುಗಟ್ಟಲೆ ತೊಯ್ದ ಗದ್ದೆಗಂತೂ ಇನ್ನೊಂದು ಹನಿಗೂ ಜಾಗವಿರುವುದಿಲ್ಲ. ಸವಳು, ಜವಳು ಹಿಡಿದ ಹೊಲಗಳನ್ನು ಈ ಪ್ರದೇಶದಲ್ಲಿ ಎಲ್ಲೆಂದರಲ್ಲಿ ನೋಡಬಹುದು. ಬಸಿಯುವ ದಾರಿ ಮುಚ್ಚಿದ್ದರ ನಿಧಾನದ ಶಿಕ್ಷೆ ಅದು. ಪ್ರವಾಹ ಅದೇ ತಪ್ಪಿನ ಅವಸರದ ಶಿಕ್ಷೆ. ಅದೇ ಮಳೆ 1950ಕ್ಕೆ ಮೊದಲು ಮಾಡುತ್ತಿದ್ದ ಕೆಲಸ ಬೇರೆ, ಇಂದು ಮಾಡುವ ಕೆಲಸ ಬೇರೆ.

ಹಿಂತಿರುಗುವಾಗ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪೊಂದರಲ್ಲಿ ಚಹಾ ಕುಡಿಯಲು ನಿಂತೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ ಅರ್ಧ ಶತಮಾನದ ಹಿಂದೆ ಸರ್ಕಾರ ಇಲ್ಲಿ ನೆಲ ಕೊಟ್ಟಿತ್ತು. ಅಂಗಡಿಯ ಅಜ್ಜಿ ಕನ್ನಡದಲ್ಲೇ ಹೇಳಿದರು: ಅವರ ಹುಟ್ಟೂರಿನ ಕಡೆ ಮನೆ ಕಟ್ಟುವ ಮೊದಲು ಕೆರೆ ತೋಡಿ, ಆ ಮಣ್ಣಿನಿಂದ ದಿಬ್ಬ ಮಾಡಿ, ಅದರ ಮೇಲೆ ಗೋಡೆ ಎಬ್ಬಿಸುತ್ತಿದ್ದರು. ನೀರು ಬರುತ್ತದೆಂದು ಮೊದಲೇ ಒಪ್ಪಿಕೊಂಡವರ ವಿವೇಕ ಅದು. ಬರದ ನೆನಪಿನಲ್ಲಿ ಬೆಳೆದ ಎಡೆದೊರೆಯ ನಮಗೆ ನೀರು ಬೇಕೆಂಬ ಹಂಬಲವೇ ಹೆಚ್ಚಾಗಿ, ಅದು ಹೋಗಲು ಜಾಗ ಬಿಡಬೇಕೆಂಬ ಯೋಚನೆ ಹಿಂದೆ ಬಿತ್ತು.

ಕಾನೂನಿನ ಯೋಚನೆ ಹೊಸದೇನಲ್ಲ. ಪ್ರವಾಹ ಬಯಲನ್ನು ವಲಯಗಳಾಗಿ ವಿಂಗಡಿಸುವ ಮಾದರಿ ಮಸೂದೆಯನ್ನು ಕೇಂದ್ರ ಸರ್ಕಾರ 1975ರಲ್ಲೇ ರಾಜ್ಯಗಳಿಗೆ ಕಳಿಸಿತು. ಮಣಿಪುರ, ರಾಜಸ್ಥಾನದಂಥ ಕೆಲವೇ ರಾಜ್ಯಗಳು ಕಾನೂನು ಮಾಡಿದವು. ನೂರು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹದ ಮಟ್ಟಕ್ಕಿಂತ ಮೇಲೆ ವಿದ್ಯುತ್, ದೂರವಾಣಿಯಂಥ ಅತ್ಯಗತ್ಯ ವ್ಯವಸ್ಥೆಗಳು. 25 ವರ್ಷದ ಮಟ್ಟಕ್ಕಿಂತ ಮೇಲೆ ಮನೆ, ಕಚೇರಿ, ಶಾಲೆಗಳು. ಪದೇಪದೇ ಮುಳುಗುವಲ್ಲಿ ಉದ್ಯಾನ, ಆಟದ ಬಯಲು ಎಂಬುದು ಅದರ ತಿರುಳು. ನೂರು ವರ್ಷಕ್ಕೊಮ್ಮೆ ಎಂದೊಡನೆ ನಮ್ಮ ಕಾಲಕ್ಕಲ್ಲ ಎಂದು ಜನ ನೆಮ್ಮದಿಯಾಗುತ್ತಾರೆ. ಅದರ ಅರ್ಥ ಪ್ರತಿ ವರ್ಷವೂ ನೂರಕ್ಕೆ ಒಂದು ಪಾಲು ಸಂಭವ ಎಂದು. 30 ವರ್ಷ ಬಾಳುವ ಮನೆಗೆ ಅದನ್ನು ಕೂಡಿಸಿ ನೋಡಿದರೆ ಸಂಭವ ಸುಮಾರು ನಾಲ್ಕಕ್ಕೊಂದು ಆಗುತ್ತದೆ.

ನಕಾಶೆಗೆ ಬೇಕಾದ ಸಾಮಗ್ರಿ ನಮ್ಮಲ್ಲಿದೆ. ಗ್ರಾಮ ನಕಾಶೆಯಲ್ಲಿ ಹಳ್ಳಗಳ ಗೆರೆಯಿದೆ. ಪಹಣಿಯಲ್ಲಿ ಹಳ್ಳದ ಜಾಗ ಬಿ ಖರಾಬು ಎಂದು ನಮೂದಾಗಿದೆ. ಮೊಬೈಲಿನ ದಿಶಾಂಕ್ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರು ತಿಳಿಯುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿಗಳಲ್ಲೇ ಇವೆ. ಇವುಗಳ ಮೇಲೆ ಮೂರು ಸಂಗತಿ ಸೇರಬೇಕು. ಪ್ರತಿ ದಂಡೆ, ಪ್ರತಿ ರಸ್ತೆಯ ಏರಿಯ ನಿಜವಾದ ಎತ್ತರ, ಲೆವೆಲ್ ಹಿಡಿದು ಅಳೆದದ್ದು. ಪ್ರತಿ ಮೋರಿಯ ಅಗಲ, ಅದರಲ್ಲಿ ಈ ವರ್ಷ ತುಂಬಿರುವ ಹೂಳು. 2009ರ ನೀರು ಮುಟ್ಟಿದ ಗುರುತು, ಕಂಡವರನ್ನು ಕರೆದೊಯ್ದು ತೋರಿಸಿಕೊಂಡದ್ದು. ಗ್ರಾಮಸಭೆ ಮನಸ್ಸು ಮಾಡಿದರೆ, ಒಬ್ಬ ಸರ್ವೇಯರ್ ಜೊತೆಗಿದ್ದರೆ, ಮುಂದಿನ ಮುಂಗಾರಿನೊಳಗೆ ಮುಗಿಯುವ ಕೆಲಸ ಇದು.

ದಂಡೆ, ತಡೆಗೋಡೆ, ಜಲಾಶಯ ಯಾವುದೂ ಬೇಡವೆನ್ನುವ ಮಾತಲ್ಲ ನನ್ನದು. ಕಾಲುವೆ ಇಲ್ಲದಿದ್ದರೆ ಸಾಲಗುಂದದ ಗದ್ದೆಗಳಿಲ್ಲ, ಆ ತಾತನ ಮೊಮ್ಮಕ್ಕಳ ಓದೂ ಇಲ್ಲ. ಆದರೆ ಪ್ರತಿ ಕಟ್ಟಡವೂ ನೀರಿನ ಒಂದು ದಾರಿಯನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತದೆ. ಮುಚ್ಚಿದ ದಾರಿಯ ಲಾಭ ಯೋಜನಾ ವರದಿಯಲ್ಲಿ ಬರುತ್ತದೆ; ತೆರೆದ ದಾರಿಯಲ್ಲಿ ಯಾರ ಮನೆಯಿದೆ ಎಂಬುದು ಬರುವುದಿಲ್ಲ. ಇನ್ನು ಮೇಲೆ ಬರಲೇಬೇಕು. ಹೊಸ ರಸ್ತೆ, ಹೊಸ ಬಡಾವಣೆ, ಕಾಲುವೆಯ ಆಧುನೀಕರಣ ಯಾವುದೇ ಇರಲಿ, ನೀರಿನ ಎರಡನೆಯ ದಾರಿಯನ್ನು ಗುರುತಿಸಿದ ನಕಾಶೆಯನ್ನು ಗ್ರಾಮಸಭೆಯ ಮುಂದಿಟ್ಟ ಮೇಲೆಯೇ ಕೆಲಸಕ್ಕೆ ಒಪ್ಪಿಗೆ ಸಿಗಬೇಕು. ದಂಡೆಗೆ ಸುರಿಯುವ ಹಣದಲ್ಲಿ ಮೋರಿಯ ಹೂಳೆತ್ತುವುದಕ್ಕೆ ಪ್ರತಿ ವರ್ಷ ಒಂದು ಪಾಲು ಕಡ್ಡಾಯವಾಗಿ ತೆಗೆದಿಡಬೇಕು. ಯಾವ ಮೈಲಿನಲ್ಲಿ ಎಷ್ಟು ಗೇಜ್ ಎಂದು ನಿದ್ದೆಯಲ್ಲೂ ಹೇಳಬಲ್ಲ ಈ ಸೀಮೆಯ ಜನ, ಕೈಗೆ ಸರಿಯಾದ ನಕಾಶೆ ಕೊಟ್ಟರೆ, ಯಾವ ಮೋರಿ ಕಟ್ಟಿಕೊಂಡರೆ ಯಾವ ಓಣಿಗೆ ನೀರು ನುಗ್ಗುತ್ತದೆ ಎಂಬುದನ್ನೂ ಅಷ್ಟೇ ಖಚಿತವಾಗಿ ಹೇಳಬಲ್ಲರು.